ಕಾಯಿಸಿ ಆರಿಸಿದ ನೀರು

ನನಗೆ ನೀರೆಂದರೆ ಆಗದು. ಸ್ನಾನದ ಬಕೆಟ್ಟಿಗಿಂತ ಆಳವಾದ ಯಾವ ನೀರಿನ ಮೇಲೂ ನನಗೆ ನಂಬಿಕೆಯಿಲ್ಲ. ಈಜು ಬಾರದು, ಕಲಿಯುವ ಆಸೆಯೂ ಇಲ್ಲ. ಮೀನನ್ನು ತಿಂದವನಲ್ಲ, ಮುಟ್ಟಿದವನೂ ಅಲ್ಲ. ಇಂಥ ನಾನು ನೈರೋಬಿಯಲ್ಲಿದ್ದಾಗ ಸುಮಾರು ಒಂದು ವರ್ಷ, ಭಾನುವಾರ ಬಂತೆಂದರೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟುಕೊಂಡು, ಕಿಯಾಂಬು ಕಡೆಯ ಕಾಫಿ ತೋಟವೊಂದರ ಡ್ಯಾಮಿನಲ್ಲಿ ಪ್ಲಾಸ್ಟಿಕ್ ದೋಣಿಯ ಹಿಂದಿನ ಸೀಟಿನಲ್ಲಿ ಕೂತು ಹುಟ್ಟು ಹಾಕುತ್ತಿದ್ದೆ ಎಂದರೆ ಮೈಸೂರಿನ ಗೆಳೆಯರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಆ ದೋಣಿಗೆ ಕಯಾಕ್ ಎನ್ನುತ್ತಾರೆ. ಅದರಲ್ಲಿ ಕೂತವನ ಬೆನ್ನು ಹಿಡಿದುಕೊಳ್ಳುತ್ತದೆ, ಚಡ್ಡಿ ಒದ್ದೆಯಾಗುತ್ತದೆ, ಸ್ವಲ್ಪ ಅಲುಗಿದರೂ ಮಗುಚುವ ಹಾಗೆ ವಾಲುತ್ತದೆ. ಅದನ್ನು ಕಂಡುಹಿಡಿದವನಿಗೆ ನಾನು ಬೈಯದ ಭಾನುವಾರವಿಲ್ಲ.

ಮುಂದಿನ ಸೀಟಿನಲ್ಲಿ ಭಾವ ಇರುತ್ತಿದ್ದರು, ನನ್ನ ಅಕ್ಕನ ಗಂಡ. ನನ್ನನ್ನು ಆ ಊರಿಗೆ ಕರೆಸಿಕೊಂಡವರೇ ಅವರು. ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಮೆಷಿನ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತ ಅರ್ಧ ಆಯುಷ್ಯ ಕಳೆದವರು. ಅದೇ ರಸ್ತೆಯ ಕೊನೆಗಿದ್ದ ಔಷಧಿ ಕಾರ್ಖಾನೆಯಲ್ಲಿ ನನಗೆ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವ ಕೆಲಸ ಕೊಡಿಸಿದ್ದರು. ಲಂಗಾಟಾದಲ್ಲಿ ಅವರ ಮನೆ. ಹಿತ್ತಲ ಗೇಟಿನ ಪಕ್ಕದ ಔಟ್‌ಹೌಸಿನಲ್ಲಿ ನಾನು, ಊಟ ತಿಂಡಿ ಅಕ್ಕನ ಅಡುಗೆಮನೆಯಲ್ಲಿ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಆದ್ದರಿಂದ ಭಾನುವಾರ ನಾನು ಯಾವಾಗಲೂ ಬಿಡುವಾಗಿರುತ್ತೇನೆಂದು ಆ ಮನೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಭಾವನೂ ಸಸ್ಯಾಹಾರಿಯೇ. ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುತ್ತಿರಲಿಲ್ಲ. ಆದರೆ ಗಾಳದ ಹುಚ್ಚು ಮಾತ್ರ ವಿಪರೀತ. ಆ ಕಾಫಿ ತೋಟದ ಮಾಲೀಕ ಕಾರ್ಖಾನೆಯ ಹಳೇ ಗಿರಾಕಿ. ಯಾವತ್ತೋ ಒಮ್ಮೆ ಡ್ಯಾಮಿಗೆ ಕರೆದುಕೊಂಡು ಹೋಗಿ ಬಾಸ್ ಮೀನು ಹಿಡಿಯುವುದನ್ನು ಕಲಿಸಿದ, ಇವರು ಕೆಟ್ಟರು. ಬಾಸ್ ಅಲ್ಲಿಯ ಮೀನೇನಲ್ಲ, ಬಿಳಿಯರ ಕಾಲದಲ್ಲಿ ತಂದು ಬಿಟ್ಟದ್ದು. ಹಸಿರು ಮೈ, ಮೈಗೆ ಮೀರಿದ ಬಾಯಿ, ಮೂಗಿನ ತುದಿಯಲ್ಲೇ ಕೋಪ. ಹಿಡಿದದ್ದನ್ನು ಭಾವ ಒದ್ದೆ ಕೈಯಲ್ಲಿ ಎತ್ತಿ, ಕೊಕ್ಕೆ ಬಿಡಿಸಿ, ಒಂದು ಕ್ಷಣ ಮುಖ ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ ಕೆಣಕದೆ ಇರುತ್ತಿರಲಿಲ್ಲ.

“ಏನ್ ಸಾರ್, ತಿನ್ನೋದೂ ಇಲ್ಲ, ಮಾರೋದೂ ಇಲ್ಲ. ಸುಮ್ನೆ ಅದಕ್ಕ್ಯಾಕೆ ಹಿಂಸೆ?”

“ಅದು ನನಗೆ ಕೊಡೋ ಹಿಂಸೆ ನಿಮಗೆಲ್ಲಿ ಗೊತ್ತು?” ಎಂದು ಭಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಆಗೆಲ್ಲ ಅವರು ಬಳಸುತ್ತಿದ್ದದ್ದು ಬಣ್ಣದ ಪ್ಲಾಸ್ಟಿಕ್ ಮೀನು. ಅದರ ಹೊಟ್ಟೆಯ ಕೆಳಗೆ ಕೊಕ್ಕೆ. ನೀರಿಗೆ ಎಸೆದು, ಕೋಲಿನ ತುದಿಯಿಂದ ಎಳೆದು, ನಿಲ್ಲಿಸಿ, ಮತ್ತೆ ಎಳೆದರೆ ಬಾಸ್ ಅದನ್ನು ನಿಜವಾದ ಮೀನೆಂದು ತಿಳಿದು ಮೇಲೆ ಬೀಳುತ್ತಿತ್ತು. ಯಾರ ಜೀವವೂ ಹೋಗುತ್ತಿರಲಿಲ್ಲ. ಅಕ್ಕ ಅದೊಂದು ಸಮಾಧಾನ ಇಟ್ಟುಕೊಂಡಿದ್ದಳು. ದೇವರ ಮುಂದೆ ದೀಪ ಹಚ್ಚುವಾಗ ಈ ವಿಷಯ ಅಡ್ಡ ಬರುತ್ತಿರಲಿಲ್ಲವಂತೆ.

ನಾನು ಹೋಗಿ ಎರಡು ಮೂರು ವರ್ಷವಾಗಿರಬಹುದು, ಭಾವನ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಇಡೀ ಕೈ, ಬರಬರುತ್ತ ಎಡಗೈಯೂ ಬಿಗಿಯಿತು. ಪಾರ್ಕಿನ್ಸನ್ ಎಂದರು ಡಾಕ್ಟರು. ಸುಮ್ಮನೆ ಇಟ್ಟ ಕೈ ನಡುಗುತ್ತದೆ, ಕೆಲಸಕ್ಕೆ ಎತ್ತಿದ ಕೈ ಹೊರಡುವುದಿಲ್ಲ. ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಪರವಾಗಿಲ್ಲ, ಅದರ ಬಲ ಇಳಿದರೆ ಅಂಗಿಯ ಗುಂಡಿಯೂ ಬೆಟ್ಟ. ದಿನವಿಡೀ ಮಾತ್ರೆ ಒತ್ತುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಶೀತಕ್ಕೆ, ಹುಳಕ್ಕೆ, ಮಲೇರಿಯಾಕ್ಕೆ ಬಗೆಬಗೆಯ ಮಾತ್ರೆಗಳು ನನ್ನ ಕಣ್ಣೆದುರು ಸಾಲಾಗಿ ಉರುಳಿ ಹೋಗುತ್ತಿದ್ದವು. ಸಂಜೆ ಮನೆಗೆ ಬಂದರೆ ಭಾವ ಚಮಚದಲ್ಲಿ ಹುಳಿ ತುಂಬಿಕೊಂಡು ಬಾಯಿಯವರೆಗೆ ತರಲಾರದೆ ಕೂತಿರುತ್ತಿದ್ದರು. ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತಿತ್ತು.

ಕಾರ್ಖಾನೆಯಿಂದ ಅವರು ನಿವೃತ್ತರಾದರು, ಗಾಳ ಮಾತ್ರ ಬಿಡಲಿಲ್ಲ. ಬಿಡುವುದಿರಲಿ, ಒಂದು ದಿನ ಇದ್ದಕ್ಕಿದ್ದಂತೆ, ಇನ್ನು ಮುಂದೆ ಪ್ಲಾಸ್ಟಿಕ್ ಬೇಡ, ಜೀವಂತ ಮರಿಮೀನನ್ನೇ ಕೊಕ್ಕೆಗೆ ಸಿಕ್ಕಿಸುವುದು ಎಂದರು. ರುವಾಕಾ ದಾಟಿದ ಮೇಲೆ ಒಬ್ಬ ಹೆಂಗಸು ಹಿತ್ತಲಲ್ಲಿ ಗುಂಡಿ ತೋಡಿ, ಕರಿ ಪ್ಲಾಸ್ಟಿಕ್ ಹಾಸಿ, ತಿಲಾಪಿಯ ಮರಿ ಸಾಕುತ್ತಿದ್ದಳು. ಶನಿವಾರ ಅಲ್ಲಿಂದ ಬೆರಳುದ್ದದ ಹತ್ತಾರು ಮರಿ ತಂದು, ಅದೇ ಕೊಳದ ಹಸಿರು ನೀರಿನ ಬಕೆಟ್ಟಿನಲ್ಲಿಟ್ಟು, ಗಾಳಿಯ ಗುಳ್ಳೆ ಬಿಡುವ ಪುಟ್ಟ ಬ್ಯಾಟರಿ ಪಂಪು ಹಚ್ಚಿಟ್ಟರೆ ಭಾನುವಾರದವರೆಗೆ ಬದುಕಿರುತ್ತಿದ್ದವು.

ಅಕ್ಕ ರೇಗಿದಳು. “ಇಷ್ಟು ವರ್ಷ ಪ್ಲಾಸ್ಟಿಕ್ ಸಾಕಾಗ್ತಿತ್ತಲ್ರೀ? ಮೈ ಹುಷಾರಿಲ್ಲದಾಗ ಯಾಕೆ ಇನ್ನಷ್ಟು ಪಾಪ ಕಟ್ಕೋತೀರಾ?”

“ಎಲ್ರೂ ಮಾಡ್ತಾರೆ ಕಣೇ,” ಎಂದರು ಭಾವ. ಅದು ಉತ್ತರವಲ್ಲ. ಯಾವ ಕೆಲಸವನ್ನೂ ಎಲ್ಲರೂ ಮಾಡುತ್ತಾರೆಂಬ ಕಾರಣಕ್ಕೆ ಮಾಡಿದವರಲ್ಲ ಅವರು.

ಅವರ ಬೆರಳಿಗೆ ಕೊಕ್ಕೆ ಹಿಡಿಯುವ ಶಕ್ತಿಯಿರಲಿಲ್ಲ. ಹಾಗಾಗಿ ಹುಟ್ಟು ಹಾಕುವುದರ ಜೊತೆಗೆ ಆ ಪಾಪದ ಕೆಲಸವೂ ನನ್ನ ಪಾಲಿಗೆ ಬಂತು. ಬಕೆಟ್ಟಿಗೆ ಕೈ ಹಾಕಿ ಮರಿಯೊಂದನ್ನು ಹಿಡಿದರೆ ಅಂಗೈಯೊಳಗೆ ಅದರ ಮೈಯೆಲ್ಲ ಮಿಡಿಯುತ್ತಿತ್ತು. “ಮೂಗಿನ ಎರಡು ಹೊಳ್ಳೆ ಮಧ್ಯೆ ಚುಚ್ಚು, ಜಾಸ್ತಿ ಹೊತ್ತು ಬದುಕಿರುತ್ತೆ,” ಎಂದು ಮುಂದಿನ ಸೀಟಿನಿಂದ ಭಾವನ ಸೂಚನೆ. ಮೊದಲ ದಿನ ನಾನು ಕಣ್ಣು ಮುಚ್ಚಿಕೊಂಡು ಚುಚ್ಚಿದೆ, ಕೊಕ್ಕೆ ನನ್ನ ಬೆರಳಿಗೇ ಇಳಿಯಿತು. ಭಾವ ನಕ್ಕುಬಿಟ್ಟರು. ಕಾಯಿಲೆ ಈ ಮನುಷ್ಯನನ್ನು ಕಲ್ಲು ಮಾಡಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಂದು ಮಧ್ಯಾಹ್ನ ಕೈಯನ್ನು ಎಷ್ಟು ಸಲ ಸೋಪು ಹಾಕಿ ತೊಳೆದರೂ ಊಟ ಸೇರಲಿಲ್ಲ.

ಒಂದು ಭಾನುವಾರ ತಡೆಯಲಾರದೆ, ಅವರ ಹಳೇ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಮೀನು ತೆಗೆದು ದಾರಕ್ಕೆ ಕಟ್ಟಿ ಮುಂದಕ್ಕೆ ಕೊಟ್ಟೆ. “ಇವತ್ತೊಂದಿನ ಇದರಲ್ಲೇ ಹಿಡೀರಿ ಭಾವ. ಆ ಮರಿಗಳ ಶಾಪ ನನಗೆ ಬೇಡ.”

ಅವರು ಕೋಲು ಬೀಸಿದರು. ಮೀನು ದೋಣಿಯ ಪಕ್ಕದಲ್ಲೇ ಬಿತ್ತು. ಎಳೆಯಬೇಕು, ನಿಲ್ಲಿಸಬೇಕು, ಎಳೆಯಬೇಕು. ಅವರ ಮೊಣಕೈ ಒಮ್ಮೆ ಎದ್ದಿತು, ಎರಡನೆಯ ಸಲಕ್ಕೆ ಏಳಲೇ ಇಲ್ಲ. ಪ್ಲಾಸ್ಟಿಕ್ ಮೀನು ಕಸದ ಹಾಗೆ ತೇಲುತ್ತ ನಿಂತಿತು. ನಾನು ಅವರ ಬೆನ್ನು ನೋಡುತ್ತ ಕೂತಿದ್ದೆ.

“ಇದಕ್ಕೆ ಜೀವ ಕೊಡೋದು ಕೈ ಕಣೋ,” ಎಂದರು, ತಿರುಗದೆ. “ಈಗ ನನ್ನ ಕೈಲಿ ಅದಿಲ್ಲ. ಮರಿಮೀನಾದ್ರೆ ತಾನೇ ಈಜುತ್ತೆ, ನಾನು ಸುಮ್ನೆ ಹಿಡ್ಕೊಂಡು ಕೂತ್ರೆ ಸಾಕು.” ಕೋಲನ್ನು ನನ್ನ ಕಡೆಗೆ ಹಿಂದಕ್ಕೆ ಚಾಚಿ, “ನಿನ್ನ ಅಕ್ಕಂಗೆ ಹೇಳ್ಬೇಡ,” ಎಂದರು.

ಕಲ್ಲಾಗಿದ್ದಾರೆಂದು ನಾನು ಅಂದುಕೊಂಡಿದ್ದ ಮನುಷ್ಯ, ತನ್ನ ಕೈ ಮಾಡಲಾರದ ಕೆಲಸವನ್ನು ಒಂದು ಮರಿಯಿಂದ ಮಾಡಿಸಿಕೊಳ್ಳುತ್ತಿದ್ದರು. ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು ಚುಚ್ಚಿದೆ. ಚುಚ್ಚುವುದು ಸುಲಭವಾಗಲಿಲ್ಲ, ಬೇಡವೆನ್ನುವ ದಾರಿ ಮಾತ್ರ ಮುಚ್ಚಿಹೋಯಿತು.

ಅಕ್ಕನಿಗೆ ಹೇಳಬೇಡ ಎಂದದ್ದಕ್ಕೆ ಕಾರಣವಿತ್ತು. ಅವಳು ಮೈಸೂರಿಗೆ ವಾಪಸು ಹೋಗೋಣವೆಂದು ಹಟ ಹಿಡಿದಿದ್ದಳು. ಅಲ್ಲಿ ವಾರಗಿತ್ತಿಯ ಮನೆಯ ಎದುರಿಗೇ ನರರೋಗದ ಡಾಕ್ಟರು, ಕರೆದರೆ ಬರುವ ನೆಂಟರು, ಎತ್ತಿ ಕೂರಿಸಲು ಜನ. ಅವಳು ಹೇಳುತ್ತಿದ್ದುದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಭಾವನಿಗೆ ಊರೆಂದರೆ ಇದೇ ಆಗಿತ್ತು. ಮೊಂಬಾಸಾ ರಸ್ತೆಯ ಜಾಮಿನಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಡ್ರೈವರುಗಳ ಜೊತೆ ಸ್ವಾಹಿಲಿಯಲ್ಲಿ ಜಗಳವಾಡುವಾಗ ಅವರ ಮುಖದಲ್ಲಿದ್ದ ಕಳೆ ನಾನು ಮೈಸೂರಿನಲ್ಲಿ ಯಾವತ್ತೂ ಕಂಡದ್ದಿಲ್ಲ. ಅಕ್ಕ ಅವರು ಬೀಳಿಸಿದ ಲೋಟ, ತಡವರಿಸಿದ ಹೆಜ್ಜೆ ಒಂದೊಂದನ್ನೂ ಎತ್ತಿ ಎತ್ತಿ ತೋರಿಸುತ್ತಿದ್ದಳು. ಪ್ಲಾಸ್ಟಿಕ್ ಮೀನಿನ ಕಥೆ ಸಿಕ್ಕಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಒಂದು ದಿನ ಊಟದ ಟೇಬಲ್ಲಿನಲ್ಲಿ ಮಾತು ಬೆಳೆದು ಭಾವ ತಟ್ಟೆ ಸರಿಸಿದರು.

“ಸರಿ, ಕೇಳು. ಕಚ್ಚಿದ ಮೀನನ್ನ ನನ್ನ ಕೈಲಿ ಎಳೆಯೋಕಾಗದ ದಿನ, ನಾನೇ ಬಂದು ಹೇಳ್ತೀನಿ, ಟಿಕೆಟ್ ಮಾಡ್ಸು ಅಂತ. ಅಲ್ಲೀತನಕ ಈ ಮನೇಲಿ ಮೈಸೂರು ಅನ್ನೋ ಮಾತು ಬೇಡ.”

“ಮೀನು ತಪ್ಪಿಸ್ಕೊಳ್ಳೋದು ಮೊದಲೂ ಇತ್ತಲ್ಲ ಭಾವ?” ಎಂದು ನಾನು ಬಾಯಿ ಹಾಕಿದೆ.

“ಮೀನು ಗೆಲ್ಲೋದು ಬೇರೆ, ನನ್ನ ಕೈ ಕೂತುಬಿಡೋದು ಬೇರೆ. ಯಾವುದು ಯಾವುದು ಅಂತ ನನಗೆ ಗೊತ್ತಾಗುತ್ತೆ.”

ಅಕ್ಕ ನನ್ನತ್ತ ತಿರುಗಿದಳು. “ನೀನೇ ಸಾಕ್ಷಿ. ಹಿಂದೆ ಕೂತಿರೋನು ನೀನು.”

ಹೀಗೆ ಒಂದು ಸಂಸಾರ ಯಾವ ಊರಲ್ಲಿರಬೇಕೆಂಬುದು ಒಂದು ಮೀನಿನ ಬಾಯಿಗೆ ಬಂತು. ಇದೆಂಥ ಹುಚ್ಚಾಟ ಎಂದು ನನಗೆ ಮೈ ಉರಿಯಿತು. ಆದರೆ ಆ ಮನೆಯಲ್ಲಿ ಅದಾದ ಮೇಲೆ ಜಗಳವಿರಲಿಲ್ಲ. ಅಕ್ಕನೂ ಪ್ರತಿ ಭಾನುವಾರ ಡ್ಯಾಮಿಗೆ ಬರತೊಡಗಿದಳು. ದಡದಲ್ಲಿ ಮಡಚುವ ಕುರ್ಚಿ ಹಾಕಿ, ಶಾಲು ಹೊದ್ದು, ಕಾಫಿ ಫ್ಲಾಸ್ಕು ಪಕ್ಕದಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತ ಕೂರುತ್ತಿದ್ದಳು. ಮುಂದಿನ ತಿಂಗಳುಗಳಲ್ಲಿ ಭಾವ ಎರಡು ಮೀನು ಹಿಡಿದರು. ಎರಡನೆಯದನ್ನು ಎಳೆದುಕೊಳ್ಳುವಷ್ಟರಲ್ಲಿ ಅವರ ಕುತ್ತಿಗೆಯ ನರಗಳೆಲ್ಲ ಉಬ್ಬಿದ್ದವು. ಅಂದಿನಿಂದ ಎರೆಯ ಮರಿ ನೀರಿಗಿಳಿದ ಕೂಡಲೇ ನಾನು ದೇವರಿಗೆ ಬೇಡಿಕೊಳ್ಳುತ್ತಿದ್ದೆ, ಯಾವ ಮೀನೂ ಕಚ್ಚದಿರಲಿ ಅಂತ. ಮೀನು ಹಿಡಿಯಲು ಹೋಗಿ ಇಂಥ ಪ್ರಾರ್ಥನೆ ಮಾಡಿದವನು ನಾನೊಬ್ಬನೇ ಇರಬೇಕು.

ಜುಲೈ ತಿಂಗಳು. ನೈರೋಬಿಯ ಜುಲೈ ಎಂದರೆ ಬಿಸಿಲೇ ಕಾಣದ, ಮೂಳೆಗೆ ಇಳಿಯುವ ಚಳಿ. ಆ ಶನಿವಾರ ನಾನು ಮರಿಗಳನ್ನು ತಂದ ಕೂಡಲೇ ಕಾರ್ಖಾನೆಯಿಂದ ತುರ್ತು ಕರೆ ಬಂದು ಹೊರಡಬೇಕಾಯಿತು. ಬಕೆಟ್ಟು ಯಾವಾಗಲೂ ನನ್ನ ಔಟ್‌ಹೌಸಿನಲ್ಲೇ ಇರುತ್ತಿತ್ತು. ಅವತ್ತು ಅಕ್ಕನ ಮನೆಯ ಹಿಂದಿನ ವರಾಂಡದಲ್ಲಿಟ್ಟು, “ಸ್ವಲ್ಪ ನೋಡ್ಕೋ ಅಕ್ಕ, ಬೆಕ್ಕು ಬಾಯಿ ಹಾಕದೆ ಇರಲಿ,” ಎಂದು ಹೇಳಿ ಓಡಿದೆ.

ಅಕ್ಕನ ಮನೆಯಲ್ಲಿ ಒಂದು ನಿಯಮವಿತ್ತು. ನಲ್ಲಿಯ ನೀರು ಕುದಿಯದೆ ಯಾರ ಬಾಯಿಗೂ ಹೋಗಕೂಡದು. ಬಂದ ಹೊಸದರಲ್ಲಿ ಭಾವನಿಗೆ ಟೈಫಾಯ್ಡ್ ಆಗಿ ಜೀವ ಹೋಗಿ ಬಂದಿತ್ತಂತೆ. ಅಂದಿನಿಂದ ಕುಡಿಯಲು, ಅಕ್ಕಿ ತೊಳೆಯಲು, ಹಲ್ಲುಜ್ಜಲು ಕೂಡ ಕಾಯಿಸಿ ಆರಿಸಿದ ನೀರು. ಬೀದಿಯ ನಾಯಿಗೆ ಗೇಟಿನ ಹತ್ತಿರ ಇಡುತ್ತಿದ್ದ ಬಟ್ಟಲಿನಲ್ಲೂ ಅದೇ. ನಾನು ಎಷ್ಟು ಗೇಲಿ ಮಾಡಿದರೂ ಅವಳು ಬಗ್ಗಿದವಳಲ್ಲ.

ಆ ಸಂಜೆ ಅವಳು ಬಕೆಟ್ಟಿನ ಮುಚ್ಚಳ ತೆಗೆದು ನೋಡಿದ್ದಾಳೆ. ಅಷ್ಟು ದಿನ ಅವಳು ಆ ಮರಿಗಳನ್ನು ಕಣ್ಣೆತ್ತಿ ನೋಡಿದವಳಲ್ಲ. ಪಾಚಿ ವಾಸನೆಯ ಹಸಿರು ನೀರು, ಅದರಲ್ಲಿ ಬಾಯಿ ಬಿಡುತ್ತಿದ್ದ ಬೆರಳುದ್ದದ ಜೀವಗಳು. ಅವಳಿಗೆ ಕರುಳು ಚುರುಕ್ ಎಂದಿದೆ. ನಾಳೆ ಸಾಯುವ ಮಕ್ಕಳು, ಇದೊಂದು ದಿನವಾದರೂ ಒಳ್ಳೆಯ ನೀರಲ್ಲಿರಲಿ ಎಂದುಕೊಂಡಿದ್ದಾಳೆ. ಸಂಕ್ರಾಂತಿಗೆ ಹುಗ್ಗಿ ಮಾಡುವ ದೊಡ್ಡ ಸ್ಟೀಲ್ ಕೊಳಗವನ್ನು ತೊಳೆದು, ಕಾಯಿಸಿ ಆರಿಸಿದ ನೀರು ತುಂಬಿ, ಮರಿಗಳನ್ನು ಸೌಟಿನಿಂದ ಒಂದೊಂದಾಗಿ ಅದಕ್ಕೆ ಬಿಟ್ಟಿದ್ದಾಳೆ. ಗೊರಗೊರ ಎನ್ನುತ್ತಿದ್ದ ಪಂಪು ನಿಲ್ಲಿಸಿದ್ದಾಳೆ, ಪಾಪ ನಿದ್ದೆ ಮಾಡಲಿ ಅಂತ. ಬೆಕ್ಕಿಗೆ ಸಿಗದಂತೆ ಮೇಲೆ ಬಿಗಿಯಾಗಿ ತಟ್ಟೆ ಮುಚ್ಚಿದ್ದಾಳೆ.

ಬೆಳಿಗ್ಗೆ ನಾನು ತಟ್ಟೆ ತೆಗೆದಾಗ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಶುದ್ಧವಾದ ನೀರು ಕಣೋ,” ಎಂದಳು. “ನಮ್ಗೆ ಕಾಯ್ಸೋ ಹಾಗೇ ಕಾಯಿಸಿ ಆರಿಸಿದ್ದೆ.”

“ಅಯ್ಯೋ ಅಕ್ಕ, ಕಾಯಿಸಿದ್ರೆ ನೀರಿನೊಳಗಿನ ಗಾಳಿ ಎಲ್ಲ ಹೋಗುತ್ತೆ! ಅದರ ಮೇಲೆ ತಟ್ಟೆ ಬೇರೆ ಮುಚ್ಚಿದ್ದೀಯ. ಉಸಿರು ಕಟ್ಟಿ ಸತ್ತಿದ್ದಾವೆ ಅವು.”

ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ನನ್ನ ದನಿ ಕೇಳಿ ಭಾವ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕೊಳಗವನ್ನು ನೋಡಿದರು, ಹೆಂಡತಿಯನ್ನು ನೋಡಿದರು.

“ಬೈಬೇಡ್ವೋ ಅವಳಿಗೆ. ಒಳ್ಳೇದಾಗ್ಲಿ ಅಂತ ಮಾಡಿದ್ದು.”

“ಇವತ್ತು ಬೇಡ ಬಿಡಿ ಭಾವ. ಇವತ್ತು ಮರಿ ಕೊಡೋಳೂ ಚರ್ಚಿಗೆ ಹೋಗಿರ್ತಾಳೆ. ಮುಂದಿನ ವಾರ ಹೋಗೋಣ.”

“ಸತ್ತಿದ್ದನ್ನೇ ತಗೋ,” ಎಂದರು ಭಾವ. ಆ ಗಲಾಟೆಯಲ್ಲಿ ಅವರ ಬೆಳಗಿನ ಮಾತ್ರೆ ತಡವಾಯಿತು. ಅದು ನನ್ನ ಗಮನಕ್ಕೂ ಬರಲಿಲ್ಲ, ಅಕ್ಕನ ಗಮನಕ್ಕೂ ಬರಲಿಲ್ಲ. ಡ್ಯಾಮಿನ ಹತ್ತಿರ ಬಂದಾಗಲೇ ನೆನಪಾಗಿ ಅವರು ಕಾರಿನಲ್ಲೇ ಅದನ್ನು ನುಂಗಿದರು.

ಡ್ಯಾಮು ಕಾಯುವ ಅಸ್ಕಾರಿ ಎಂದಿನಂತೆ ಭಾವನನ್ನು ತೋಳು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ನಮ್ಮನ್ನು ನೀರಿಗೆ ತಳ್ಳಿದ. ಅಕ್ಕ ದಡದಲ್ಲಿ ಕುರ್ಚಿ ಹಾಕಿಕೊಂಡಳು. ಫ್ಲಾಸ್ಕು ಕಾರಿನಲ್ಲೇ ಉಳಿದಿತ್ತು. ನಾನು ಜೊಂಡಿನ ಸಾಲಿನವರೆಗೆ ಹುಟ್ಟು ಹಾಕಿ, ಒಂದು ಸತ್ತ ಮರಿಯನ್ನು ಕೊಕ್ಕೆಗೆ ಸಿಕ್ಕಿಸಿದೆ. ಜೀವವಿಲ್ಲದ್ದನ್ನು ಚುಚ್ಚುವುದು ಸುಲಭವೆಂದು ಎಣಿಸಿದ್ದೆ. ಅದರ ಕಣ್ಣು ತೆರೆದೇ ಇತ್ತು, ಇನ್ನೂ ಕಷ್ಟವಾಯಿತು. ದಾರ ನೀರಿಗಿಳಿಯಿತು. ಇನ್ನು ಇಲ್ಲಿ ಏನೂ ಆಗುವುದಿಲ್ಲ, ಹೆಣವನ್ನು ಯಾವ ಬಾಸ್ ಮುಟ್ಟುತ್ತದೆ, ಸ್ವಲ್ಪ ಹೊತ್ತು ಕೂತು ವಾಪಸು ಹೋಗುವುದು ಎಂದು ನನಗೆ ಸಮಾಧಾನವೇ ಆಯಿತು.

ಭಾವ ಕೋಲನ್ನು ತೊಡೆಯ ಮೇಲಿಟ್ಟು ಹಿಡಿದಿದ್ದರು. ಮಾತ್ರೆ ಇನ್ನೂ ಹತ್ತಿರಲಿಲ್ಲ. ಬಲಗೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ಕೈಯ ನಡುಕ ಕೋಲಿಗೆ ಹತ್ತಿ, ಕೋಲಿನ ತುದಿ ಸಣ್ಣಗೆ ಕುಣಿಯುತ್ತಿತ್ತು. ದಾರ ನೀರು ಸೇರುವ ಜಾಗದಲ್ಲಿ ಪುಟ್ಟ ಪುಟ್ಟ ಬಳೆಗಳೇಳುತ್ತಿದ್ದವು. ನಾನು ಸುಮ್ಮನೆ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ನೆಟ್ಟಗೆ ಕೂತೆ. ಕೆಳಗೆ, ದಾರದ ಆ ತುದಿಯಲ್ಲಿ, ಸತ್ತ ಮರಿಯೂ ಹಾಗೇ ಅಲುಗುತ್ತಿರಬೇಕು.

“ನೋಡಿದ್ಯೇನೋ?” ಎಂದರು ಭಾವ. ಅವರ ಭುಜ ಅಲುಗಿತು, ನಗುತ್ತಿದ್ದರು. “ಕಾಯಿಲೆ ಕೆಲ್ಸ ಮಾಡ್ತಿದೆ. ಇಷ್ಟು ದಿನಕ್ಕೆ ಒಂದ್ ಉಪಕಾರ ಆಯ್ತು ನೋಡು ಇದರಿಂದ.”

ನಾನೂ ನಕ್ಕೆ. ಆ ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಬಹುಶಃ ಅದೊಂದೇ ಸಲ.

ಆಗಲೇ ಕೋಲು ಬಾಗಿತು.

ಕೋಲು ಬಾಗಿದ ಕ್ಷಣ ಅವರ ಕೈಯ ನಡುಕ ನಿಂತಿತು. ಪೂರ್ತಿ ನಿಂತಿತು. ಈಗ ದಾರ ಸುತ್ತುವ ರೀಲಿನ ಹಿಡಿ ತಿರುಗಬೇಕು. ಎಡಗೈ ಹಿಡಿಯ ಮೇಲೇ ಇತ್ತು, ಬೆರಳುಗಳು ಅದನ್ನು ಸುತ್ತಿಕೊಂಡೇ ಇದ್ದವು. ತಿರುಗಲಿಲ್ಲ. ದಾರ ಕಿರ್ರೆಂದು ರೀಲಿನಿಂದ ಓಡತೊಡಗಿತು.

“ಭಾವ, ತಿರುಗ್ಸಿ! ತಿರುಗ್ಸಿ!”

“ತಿರುಗು,” ಎನ್ನುತ್ತಿದ್ದರು ಅವರು. ನನಗಲ್ಲ, ಕೈಗೆ. “ತಿರುಗು... ತಿರುಗೋ...”

ನಾನು ಎದ್ದು ಮುಂದಕ್ಕೆ ಬಾಗಿದೆ. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ನುಗ್ಗಿತು. “ಕೂತ್ಕೋ!” ಎಂದು ಅವರು ಚೀರಿದರು, ನಾನು ಕುಸಿದು ಕೂತೆ. ಅವರ ಮೊಣಕೈಗೂ ನನ್ನ ಬೆರಳಿಗೂ ಮಧ್ಯೆ ಒಂದು ಗೇಣು ಉಳಿದಿತ್ತು. ಆ ಗೇಣನ್ನು ದಾಟಲು ನನಗೆ ಆಗಲಿಲ್ಲ. ಹುಟ್ಟು ಹಿಡಿದು ಮೀನು ಓಡಿದ ಕಡೆಗೇ ದೋಣಿಯನ್ನು ನೂಕಿದೆ, ದಾರವಾದರೂ ಉಳಿಯಲಿ ಎಂದು. ಜೊಂಡಿನ ಆಚೆ ಮೀನು ನೀರು ಸೀಳಿಕೊಂಡು ಮೇಲೆ ಹಾರಿತು. ನನ್ನ ಮೊಣಕೈಯುದ್ದದ ಹಸಿರು ಮೀನು, ಬಾಯಿ ಅಗಲಿಸಿ ತಲೆ ಕೊಡವಿತು. ಅಷ್ಟು ದೊಡ್ಡದನ್ನು ಭಾವ ಆ ಡ್ಯಾಮಿನಲ್ಲಿ ಯಾವತ್ತೂ ಹಿಡಿದಿರಲಿಲ್ಲ. ಅದು ಬಿದ್ದ ಸದ್ದಿಗೆ ಕೊಕ್ಕರೆಗಳು ಎದ್ದು ಹಾರಿದವು.

ಕೋಲು ನೆಟ್ಟಗಾಯಿತು. ದಾರ ಸಡಿಲವಾಗಿ ನೀರ ಮೇಲೆ ಮಲಗಿತು.

ಆಮೇಲೆ ಅವರ ಎಡಗೈ ತಿರುಗತೊಡಗಿತು. ಒಂದೇ ಸಮನೆ, ಅಚ್ಚುಕಟ್ಟಾಗಿ, ಮೊದಲಿನ ದಿನಗಳ ಹಾಗೆ. ಬರೀ ದಾರವನ್ನು ಅವರು ಕೊನೆಯವರೆಗೂ ಸುತ್ತಿಕೊಂಡರು. ಹಿಂದೆ ಕೂತು ಅದನ್ನು ನೋಡುವುದಕ್ಕಿಂತ ನೀರಿಗೆ ಬಿದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ನನಗೆ.

ದಡದ ಕಡೆಗೆ ಹುಟ್ಟು ಹಾಕುತ್ತ ನಾನು ಹೇಳಿದೆ, “ಇವತ್ತಿಂದು ಲೆಕ್ಕಕ್ಕಿಲ್ಲ ಭಾವ. ಮಾತ್ರೆ ಲೇಟಾಗಿತ್ತು. ಎರೆಯೂ ಸತ್ತಿತ್ತು.”

“ಎರೆ ಸತ್ತಿದ್ರೂ ಮೀನು ಕಚ್ತಲ್ಲೋ,” ಎಂದರು.

ಅಕ್ಕ ನೀರಿನ ಅಂಚಿಗೇ ಬಂದು ನಿಂತಿದ್ದಳು. ಚಪ್ಪಲಿ ಒದ್ದೆಯಾಗಿದ್ದವು. ಮೀನು ಹಾರಿದ್ದನ್ನು ಅವಳೂ ನೋಡಿದ್ದಳು. “ಏನಾಯ್ತು?” ಎಂದಳು, ಭಾವನಿಗಲ್ಲ, ನನಗೆ. ಸಾಕ್ಷಿ ನಾನಲ್ಲವೇ.

“ದಾರ ಕಿತ್ತೋಯ್ತು ಅಕ್ಕ. ದೊಡ್ಡ ಮೀನು.”

ಭಾವ ಕೋಲನ್ನು ಅವಳ ಮುಂದೆ ಚಾಚಿದರು. ದಾರ ಇತ್ತು, ದಾರದ ತುದಿಯಲ್ಲಿ ಕೊಕ್ಕೆಯೂ ಇತ್ತು. “ದಾರ ಗಟ್ಟಿಯಾಗೇ ಇದೆ ಕಣೇ,” ಎಂದರು. “ಟಿಕೆಟ್ ಮಾಡ್ಸು.”

ಈ ಮಾತಿಗಾಗಿ ಅವಳು ಎಷ್ಟು ದಿನದಿಂದ ಕಾದಿದ್ದಳೆಂದು ನನಗೆ ಗೊತ್ತು. ಅವಳ ಮುಖದಲ್ಲಿ ಗೆದ್ದ ಕಳೆ ಬರಲೆಂದು, ಬಂದರೆ ಅವಳ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬಹುದೆಂದು, ಕಾದುಕೊಂಡು ನಿಂತೆ. ಅವಳು ನೀರಿಗಿಳಿದು ದೋಣಿಯ ಮೂತಿ ಹಿಡಿದುಕೊಂಡಳು.

“ಇವತ್ತಿಂದು ಬೇಡ ರೀ,” ಎಂದಳು. “ಇವತ್ತು ಹಿಡೀಬೇಡಿ ಲೆಕ್ಕಕ್ಕೆ. ನಾನು ನೀರು ಬದಲಾಯಿಸದೆ ಇದ್ದಿದ್ರೆ... ಮುಂದಿನ ವಾರ ನಾನೇ ಹೋಗಿ ಮರಿ ತರ್ತೀನಿ. ಆ ಗಲೀಜು ನೀರಲ್ಲೇ ಇಡ್ತೀನಿ. ಇನ್ನೊಂದೇ ಒಂದು ಸಲ ರೀ.”

“ಮೇಲೆ ಹೋಗೇ, ಸೀರೆ ಒದ್ದೆಯಾಗುತ್ತೆ,” ಎಂದರು ಭಾವ.

ಅಸ್ಕಾರಿ ಅವರನ್ನು ಎತ್ತಿ ದಡಕ್ಕೆ ತಂದ. ನಮ್ಮ ಮಾತು ಅವನಿಗೆ ಅರ್ಥವಾಗುವ ಹಾಗಿರಲಿಲ್ಲ. ಮೂವರ ಮುಖ ನೋಡಿ, “ಪೋಲೆ, ಮ್ಜೇ,” ಎಂದ ಭಾವನಿಗೆ, ಅಲ್ಲಿ ಹಿರಿಯರನ್ನು ಕರೆಯುವ ಹಾಗೆ. ಆಮೇಲೆ ಅಕ್ಕನಿಗೂ ಪೋಲೆ, ನನಗೂ ಪೋಲೆ. ಆ ಊರಿನಲ್ಲಿ ಯಾರಾದರೂ ಎಡವಿದರೂ ಆ ಮಾತು, ಯಾರಾದರೂ ಸತ್ತರೂ ಅದೇ ಮಾತು. ನನ್ನಿಂದೇನೂ ಮಾಡಲಾಗದು, ಆದರೆ ನೋಡಿದೆ ಎಂದು ಹೇಳಿದ ಹಾಗೆ. ನಮ್ಮಲ್ಲಿ ಅಂಥ ಮಾತಿಲ್ಲ. “ಅಯ್ಯೋ ಪಾಪ” ಎನ್ನುತ್ತೇವೆ, ಅದರಲ್ಲಿ ಎಲ್ಲೋ ಸ್ವಲ್ಪ ಮೇಲಿನಿಂದ ನೋಡುವುದಿದೆ.

ಸೋಮವಾರ ಭಾವ ಕುರ್ಚಿ ಹಾಕಿಕೊಂಡು ಎದುರಿಗೇ ಕೂತು, ಅಕ್ಕನ ಕೈಯಿಂದ ವೆಸ್ಟ್‌ಲ್ಯಾಂಡ್ಸ್‌ನ ಟ್ರಾವೆಲ್ ಏಜೆಂಟರಿಗೆ ಫೋನ್ ಮಾಡಿಸಿದರು. ಅವಳು ಎರಡು ಸಲ ತಪ್ಪು ನಂಬರು ಒತ್ತಿದಳು. ಟಿಕೆಟ್ ಆಯಿತು. ಕಾರ್ಖಾನೆಯ ಹಳೇ ಗೆಳೆಯರಿಗೆ ಭಾವನೇ ಸುದ್ದಿ ಹೇಳಿದರು, ಬಹಳ ದಿನದಿಂದ ಯೋಚನೆ ಮಾಡಿದ್ದೆವೆಂಬಂತೆ.

ಶನಿವಾರ ನಾನು ಕೆಲಸದಿಂದ ಬಂದಾಗ ಮನೆಯಲ್ಲಿ ಅಕ್ಕ ಇರಲಿಲ್ಲ. ಎಲ್ಲಿಗೆಂದು ಭಾವನಿ‌ಗೂ ಗೊತ್ತಿರಲಿಲ್ಲ. ಕತ್ತಲಾಗುವ ಮುಂಚೆ ಟ್ಯಾಕ್ಸಿಯೊಂದು ಗೇಟಿಗೆ ಬಂದು ನಿಂತಿತು. ಅಕ್ಕ ಹಿಂದಿನ ಸೀಟಿನಲ್ಲಿ ಬಕೆಟ್ಟನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದುಕೊಂಡು ಕೂತಿದ್ದಳು. ಸೀರೆಯ ನೆರಿಗೆಯೆಲ್ಲ ಹಸಿರು ನೀರು. ಒಬ್ಬಳೇ ರುವಾಕಾದ ಆಚೆಗೆ ಹೋಗಿ, ಆ ಹೆಂಗಸಿನ ಜೊತೆ ತನ್ನ ಹರಕು ಸ್ವಾಹಿಲಿಯಲ್ಲಿ ಮಾತಾಡಿ, ಕೊಳದ ಹತ್ತಿರ ನಿಂತು ಮರಿ ಆರಿಸಿಕೊಂಡು ಬಂದಿದ್ದಳು. ಪಂಪಿಗೆ ಹೊಸ ಬ್ಯಾಟರಿ ಹಾಕಿದಳು. ಮುಚ್ಚಳದಲ್ಲಿ ಗಾಳಿಗೆ ಸಂದು ಬಿಟ್ಟಳು. ಬಕೆಟ್ಟನ್ನು ಅಡುಗೆಮನೆಯ ಒಳಗೇ ಇಟ್ಟಳು, ದೇವರ ಗೂಡಿನ ಕೆಳಗೆ, ಬೆಕ್ಕು ಬರದ ಜಾಗವೆಂದರೆ ಅದೊಂದೇ.

ಭಾನುವಾರ ಬೆಳಿಗ್ಗೆ ನಾನು ಲೈಫ್ ಜಾಕೆಟ್ಟುಗಳನ್ನು ಹಿಡಿದುಕೊಂಡು ಹೋದೆ. ಭಾವ ಪಂಚೆಯಲ್ಲೇ ಇದ್ದರು. ಅಡುಗೆಮನೆಗೆ ಬಂದು, ಬಾಗಲು ಆಗದೆ ನಿಂತುಕೊಂಡೇ ಬಕೆಟ್ಟಿನೊಳಗೆ ನೋಡಿದರು. ಪಂಪು ಗೊರಗೊರ ಎನ್ನುತ್ತಿತ್ತು.

“ಚೆನ್ನಾಗಿ ಇಟ್ಕೊಂಡಿದ್ದೀಯ,” ಎಂದು ಅಕ್ಕನಿಗೆ ಹೇಳಿ, ಅವಳ ಭುಜವನ್ನು ಒಮ್ಮೆ ಮುಟ್ಟಿ, ಹಾಲಿಗೆ ಹೋಗಿ ಪೇಪರು ಹಿಡಿದು ಕೂತರು. ಪೇಪರು ನಡುಗುವ ಸದ್ದು ನಮಗೆ ಕೇಳುತ್ತಿತ್ತು.

ಅಕ್ಕ ಬಹಳ ಹೊತ್ತು ಬಾಗಿಲ ಕಡೆಗೇ ನೋಡುತ್ತ ನಿಂತಿದ್ದಳು. ಅವರು ಮತ್ತೆ ಎದ್ದು ಬರಲಿಲ್ಲ.

“ಈಗ ಇವನ್ನ ಏನೋ ಮಾಡೋದು?” ಎಂದಳು.

ನಾನು ಲೈಫ್ ಜಾಕೆಟ್ಟುಗಳನ್ನು ಕೆಳಗಿಟ್ಟು ಬಗ್ಗಿ ನೋಡಿದೆ. ಬಕೆಟ್ಟಿನಲ್ಲಿ ಮರಿಗಳೆಲ್ಲ ಬದುಕಿದ್ದವು.